ಸುಧಾರಿಸಿದ ಕಂದು ಬಣ್ಣ

ಅದೇ ಹೆಸರು, ಅದೇ ಕಪ್ಪು ಡಬ್ಬಿ, ಮುಚ್ಚಳದ ಮೇಲೆ ಅದೇ ಬಂಗಾರದ ಗೆರೆ. ಮೂಲೆಯಲ್ಲಿ ಮಾತ್ರ ಹೊಸದು, ಸುಧಾರಿತ ಎಂದು ಇಂಗ್ಲಿಷಿನಲ್ಲಿ ಒಂದು ಚೀಟಿ. ಸುಧಾರಿಸಿ ಎಂದು ಈ ಕಂಪನಿಯವರನ್ನು ಕೇಳಿಕೊಂಡವರು ಯಾರೋ ಗೊತ್ತಿಲ್ಲ, ನಾನಂತೂ ಕೇಳಿರಲಿಲ್ಲ. ಆ ಐಶ್ಯಾಡೋ ಪ್ಯಾಲೆಟ್ಟಿನಲ್ಲಿ ನನಗೆ ಒಂಬತ್ತು ವರ್ಷದಿಂದ ಬೇಕಾಗಿದ್ದದ್ದು ಒಂದೇ ಬಣ್ಣ, ಎರಡನೇ ಸಾಲಿನ ಮೂರನೆಯದು, ಹೊಳಪಿಲ್ಲದ ಮಂಕು ಕಂದು. ಅದು ಮುಗಿದರೆ ಇನ್ನೊಂದು ಡಬ್ಬಿ ತರಿಸುತ್ತಿದ್ದೆ. ಉಳಿದ ಹನ್ನೊಂದು ಬಣ್ಣಗಳು ಮುಟ್ಟಿದವರಿಲ್ಲದೆ ಇದ್ದಲ್ಲೇ ಇರುತ್ತಿದ್ದವು. ಅದರಲ್ಲೊಂದು ನವಿಲು ನೀಲಿ. ನವಿಲು ನೀಲಿ ರೆಪ್ಪೆ ಹೊತ್ತುಕೊಂಡು ನಾನು ತಿಪಟೂರಿನ ಸಂತೆಯಲ್ಲಿ ಬದನೆಕಾಯಿ ಆರಿಸುವುದನ್ನು ಆ ಕಂಪನಿಯವರು ಬಂದು ನೋಡಬೇಕಿತ್ತು.

ಆ ಕಂದು ನನ್ನ ಮೈಬಣ್ಣಕ್ಕೆ ಸರಿಯಾಗಿ ಕೂಡುತ್ತಿತ್ತು. ನನ್ನ ಎಡಗಣ್ಣಿನ ರೆಪ್ಪೆಯ ಮೇಲೆ ಹುಣಸೆ ಬೀಜದಷ್ಟು ಬಿಳಿ ಮಚ್ಚೆಯಿದೆ. ನೋವಿಲ್ಲ, ತುರಿಕೆಯಿಲ್ಲ, ಬಂದ ಮೇಲೆ ಹರಡಿಯೂ ಇಲ್ಲ. ಡಾಕ್ಟರು ಅದಕ್ಕೊಂದು ಉದ್ದದ ಹೆಸರು ಹೇಳಿ, ಯಾರಿಗೂ ಅಂಟುವುದಿಲ್ಲ, ಹೆದರಬೇಡಿ ಎಂದರು. ನಮ್ಮ ಕಡೆ ಅದನ್ನು ತೊನ್ನು ಅನ್ನುತ್ತಾರೆ. ಮನೆಯಲ್ಲಿ ತಾಯಿಗೆ ಇದ್ದರೆ ಮಗಳಿಗೂ ಇದೆಯೆಂದೇ ತೀರ್ಮಾನಿಸಿ, ಹೆಣ್ಣು ಕೇಳಲು ಬಂದವರು ಚಪ್ಪಲಿ ಹುಡುಕುತ್ತಾರೆ. ನನಗಿರುವುದು ಒಬ್ಬಳೇ ಮಗಳು, ಇಪ್ಪತ್ತನಾಲ್ಕು ವರ್ಷದವಳು, ಮೆಡಿಕಲ್ ಶಾಪಿನಲ್ಲಿ ಕೆಲಸ. ಅವಳಿಗೋಸ್ಕರ ಎರಡೂ ರೆಪ್ಪೆಗೆ ಕಂದು ಬಳಿದುಕೊಂಡು ಓಡಾಡುತ್ತಿದ್ದೆ. ಅವಳಿಗೂ ನನ್ನ ಗಂಡನಿಗೂ ಮಚ್ಚೆಯ ವಿಷಯ ಗೊತ್ತಿತ್ತು. ಆದರೆ ನಮ್ಮ ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ಮಗಳನ್ನು ನೋಡಲು ತುರುವೇಕೆರೆಯಿಂದ ಭಾನುವಾರ ಗಂಡಿನ ಕಡೆಯವರು ಬರುವುದೆಂದು ನಿಶ್ಚಯವಾಯಿತು. ಅದೇ ವಾರ ನನ್ನ ಹಳೆಯ ಕಂದು ತಳ ಕಂಡು ತಗಡು ಹೊಳೆಯತೊಡಗಿತ್ತು. ಹೊಸ ಡಬ್ಬಿ ಶುಕ್ರವಾರ ಕೈಗೆ ಬಂತು. ಒಳಗೊಂದು ಕನ್ನಡಿ ಕೂರಿಸಿದ್ದರು. ಕನ್ನಡಿ ಕೂರಿಸಲು ಬಣ್ಣದ ಗುಳಿಗಳನ್ನೆಲ್ಲ ಕಿರಿದು ಮಾಡಿದ್ದರು. ಮುಚ್ಚಳ ತೆಗೆದರೆ ಅಗ್ಗದ ಊದಿನಕಡ್ಡಿಯ ವಾಸನೆ. ಹಳೆಯದಕ್ಕೆ ವಾಸನೆಯೇ ಇರಲಿಲ್ಲ, ಗಟ್ಟಿಯಾಗಿ ಒತ್ತಿರುತ್ತಿದ್ದರು, ಬೆರಳಿಗೆ ಹತ್ತಬೇಕಾದರೆ ನಾಲ್ಕು ಸಲ ಉಜ್ಜಬೇಕಿತ್ತು. ಇದೋ, ನೋಡಿದರೆ ಸಾಕು ಉದುರುತ್ತಿತ್ತು.

ಬಲಗಣ್ಣಿಗೆ ಹಳೆಯದನ್ನೂ ಮಚ್ಚೆಯಿರುವ ಎಡಗಣ್ಣಿಗೆ ಹೊಸದನ್ನೂ ಹಚ್ಚಿಕೊಂಡು ಕಿಟಕಿಯ ಬೆಳಕಿಗೆ ಹೋಗಿ ನಿಂತೆ. ಬಲಗಣ್ಣು ನನ್ನ ಕಣ್ಣಿನ ಹಾಗೇ ಇತ್ತು. ಎಡಗಣ್ಣು ಆರ್ಕೆಸ್ಟ್ರಾದಲ್ಲಿ ಹಾಡಲು ನಿಂತಿತ್ತು. ಕಂದಿನೊಳಗೆ ಮಿನುಗುವ ಪುಡಿ ಬೆರೆಸಿ ಅದನ್ನೇ ಸುಧಾರಣೆ ಎಂದು ಕರೆದಿದ್ದರು. ಮಿನುಗಿನ ಕೆಳಗಿಂದ ಬಿಳಿ ಮಚ್ಚೆ ಆರಾಮವಾಗಿ ಇಣುಕುತ್ತಿತ್ತು.

ನನ್ನ ಗಂಡ ಕೊಬ್ಬರಿ ವ್ಯಾಪಾರದವರು. ಮಂಡಿಗೆ ಹೊರಟವರು ನನ್ನ ಮುಖ ನೋಡಿ ನಿಂತರು.

"ಏನೇ ಇದು, ಒಂದು ಕಣ್ಣು ಮದ್ವೆಗೆ ಹೊಂಟಂಗದೆ, ಇನ್ನೊಂದು ತೋಟಕ್ಕೆ ಹೊಂಟಂಗದೆ."

ನಾನು ಹೊಸ ಡಬ್ಬಿ ಅವರ ಕೈಗೆ ಕೊಟ್ಟೆ. ಅವರು ಚೂರು ಪುಡಿ ತೆಗೆದು ಹೆಬ್ಬೆರಳಲ್ಲಿ ಉಜ್ಜಿ, ಮೂಸಿ, ಬಾಗಿಲ ಬೆಳಕಿಗೆ ಹಿಡಿದರು. "ಗಂಧಕದ ಹೊಗೆ ಕೊಟ್ಟಿರೋ ಕೊಬ್ಬರಿ ಕಣೇ ಇದು. ನೋಡಕ್ಕೆ ಲಕಲಕ ಅಂತದೆ, ಒಳಗೆ ಏನೂ ಇಲ್ಲ, ಬುಡು," ಎಂದು ಹೋದರು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವರ ಮಾತಿಗೆ ನಾನು ಪೂರ್ತಿ ಒಪ್ಪಿದ್ದು ಅವತ್ತೇ ಇರಬೇಕು.

ಆಮೇಲೆ ನಾನು ಮಾಡಿದ ದಡ್ಡತನ ನಮ್ಮ ಸೀಮೆಯವರು ಮಾತ್ರ ಮಾಡುವಂಥದ್ದು. ಕೊಬ್ಬರಿ ಎಣ್ಣೆಗೆ ಬಗ್ಗದ ಕಷ್ಟವೇ ಇಲ್ಲ ಎಂದು ನಾವು ನಂಬಿಕೊಂಡು ಬಂದವರು. ಬಾಗಿಲ ಚಿಲಕಕ್ಕೆ ಅದೇ, ಒಡೆದ ಹಿಮ್ಮಡಿಗೆ ಅದೇ, ಮಗುವಿನ ನೆತ್ತಿಗೆ ಅದೇ. ಹೊಸ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ದಪ್ಪಗೆ ಹಚ್ಚಿದೆ. ಮಿನುಗು ಅಡಗಿತು, ಮಚ್ಚೆ ಮುಚ್ಚಿತು. ಗೆದ್ದೆ ಅಂದುಕೊಂಡು ಅಡುಗೆಮನೆಗೆ ಹೋದೆ. ಸಾರಿಗೆ ಒಗ್ಗರಣೆ ಹಾಕುವಷ್ಟರಲ್ಲಿ ಬಣ್ಣವೆಲ್ಲ ಕೆನ್ನೆಗೆ ಇಳಿದು ಕೂತಿತ್ತು.

ಸಂಜೆ ಮಗಳ ಕೈಲಿ ಕಂಪನಿಗೆ ದೂರು ಬರೆಸಿದೆ. "ಹಳೇ ಹೆಸ್ರು ಇಟ್ಕೊಂಡು ಒಳಗಿರೋದನ್ನ ಮರೆ ಮಾಡ್ತಾರಲ್ಲ, ಮಾನ ಮರ್ಯಾದೆ ಇಲ್ವಾ ಅಂತ ಬರಿ," ಎಂದೆ. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಬರೆದಳು. ನಮ್ಮ ಮೇಲಿನ ನಿಮ್ಮ ಪ್ರೀತಿಗೆ ಧನ್ಯವಾದಗಳು ಎಂದು ಉತ್ತರ ಬಂತು, ಜೊತೆಗೊಂದು ಹೂವಿನ ಚಿತ್ರ. ಅದೇ ಡಬ್ಬಿ ಕೊಂಡ ಬೇರೆಯವರು ಏನು ಬರೆದಿದ್ದಾರೆಂದು ನೋಡಿದರೆ ಪುಣ್ಯಾತ್ಮರು ಐದಕ್ಕೆ ಐದು ನಕ್ಷತ್ರ ಕೊಟ್ಟಿದ್ದರು. ಪ್ಯಾಕಿಂಗ್ ಚೆನ್ನಾಗಿತ್ತಂತೆ. ಇಂಥವರಿಗೆ ಇಂಥ ಬಣ್ಣವೇ ಸರಿ.

ಕೊನೆಗೆ ಶನಿವಾರ ಹಳೆಯ ಡಬ್ಬಿಯ ಅಂಚಿನಿಂದ ಪಿನ್ನಿನಲ್ಲಿ ಕೆರೆದು ಕೆರೆದು ಒಂದು ರೆಪ್ಪೆಗೆ ಆಗುವಷ್ಟು ಪುಡಿ ಒಟ್ಟು ಮಾಡಿಟ್ಟೆ. ಭಾನುವಾರ ಅದನ್ನು ಎಡಗಣ್ಣಿಗೆ ಹಚ್ಚಿ, ಮುಖದ ಬಲಗಡೆಯನ್ನು ಕಿಟಕಿಗೆ ತಿರುಗಿಸಿಕೊಂಡು ಕೂತೆ.

ಹುಡುಗ, ಅವನ ತಂದೆ, ತಾಯಿ ಮೂವರೇ ಬಂದರು. ಆಕೆ ಕಾಫಿ ಮುಗಿಸಿ, "ಬಾಮ್ಮ, ಹಿಂಗೆ ಬೆಳಕಿಗೆ ಬಾ," ಎಂದು ನನ್ನ ಮಗಳನ್ನು ಹೊಸ್ತಿಲ ಹತ್ತಿರ ನಿಲ್ಲಿಸಿಕೊಂಡು ಕೈ, ಕುತ್ತಿಗೆ, ಜಡೆ ಎಲ್ಲವನ್ನೂ ನೋಡಿದರು. ಆ ತಾಯಿಗೆ ತನ್ನ ಮಗನ ಎರಡನೇ ಗಲ್ಲವನ್ನು ಬೆಳಕಿಗೆ ತಂದು ನೋಡುವ ಯೋಚನೆ ಯಾವತ್ತೂ ಬಂದ ಹಾಗಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು.

"ತಪ್ಪು ತಿಳ್ಕಬೇಡಿ ಕಣ್ರೀ, ಮೊದ್ಲೇ ಕೇಳ್ಬುಡೋದು ಒಳ್ಳೇದು. ನಿಮ್ಮನೇಲಿ ಯಾರ್ಗೂ ತೊನ್ನು ಗಿನ್ನು ಇಲ್ವಲ್ಲ?"

"ಅಂಥದ್ದೇನಿಲ್ಲ ಕಣ್ರೀ," ಎಂದೆ. ನನ್ನ ಗಂಡ ಖಾಲಿ ಲೋಟದೊಳಗೆ ನೋಡುತ್ತಿದ್ದರು.

"ನಮ್ಮಮ್ಮಂಗೆ ಅದೆ," ಎಂದಳು ಮಗಳು. ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದವರಿಗೆ ಹೇಳುವಷ್ಟೇ ಸಾಧಾರಣವಾಗಿ ಹೇಳಿದಳು. "ಎಡಗಣ್ಣಿನ ಮೇಲೆ. ಒಂಬತ್ತು ವರ್ಷ ಆಯ್ತು."

ಆಕೆ ಮರ್ಯಾದಸ್ಥರು, ಸಿಟ್ಟಾಗಲಿಲ್ಲ. ಮನೆಯಲ್ಲಿ ಮಾತಾಡಿಕೊಂಡು ತಿಳಿಸುತ್ತೇವೆ ಎಂದು ಎದ್ದರು. ಅವರ ಮನೆಯಲ್ಲಿದ್ದ ಮೂವರೂ ನಮ್ಮ ನಡುಮನೆಯಲ್ಲೇ ಕೂತಿದ್ದರು. ಇನ್ನು ಮಾತಾಡಿಕೊಳ್ಳಲು ಉಳಿದಿದ್ದದ್ದು ಅವರ ಕೊಟ್ಟಿಗೆಯ ಎಮ್ಮೆಯೊಂದೇ ಇರಬೇಕು.

ಅವರ ಕಾರು ರಸ್ತೆ ತಿರುಗಿದ ಮೇಲೆ ಮಗಳ ಮೇಲೆ ಹರಿಹಾಯ್ದೆ. "ನಿನ್ನ ಬಾಳ್ನ ನೀನೇ ಹಾಳ್ ಮಾಡ್ಕೊಂಡ್ಯಲ್ಲೇ. ಇಷ್ಟು ವರ್ಷ ನಾನು ಪಟ್ಟಿದ್ದು ಯಾರಿಗೋಸ್ಕರ?"

ಅವಳು ಲೋಟಗಳನ್ನು ತಟ್ಟೆಗೆ ಜೋಡಿಸುತ್ತಿದ್ದಳು. ದನಿ ಏರಿಸಲಿಲ್ಲ.

"ನಾಳೆ ನಂಗೂ ಬಂದ್ರೆ? ಅವ್ರ ಮನೇಲಿ ನಾನೂ ದಿನಾ ಐದು ಗಂಟೆಗೆ ಎದ್ದು, ಲೈಟ್ ಹಾಕ್ದೆ, ಮೊಬೈಲ್ ಬೆಳಕಲ್ಲಿ ಬಳ್ಕೊಂಡು ಕೂತಿರ್ಬೇಕೇನಮ್ಮ?"

ನಾನು ಲೈಟು ಹಾಕದೆ ಇದ್ದದ್ದೇ ಅವಳಿಗೆ ಎಚ್ಚರವಾಗದಿರಲಿ ಎಂದು. ನಾವಿಬ್ಬರೂ ಮಲಗುವುದು ಒಂದೇ ಕೋಣೆಯಲ್ಲಿ. ಹದಿನೈದನೇ ವಯಸ್ಸಿನಿಂದ ನನ್ನ ಮಗಳು ದಿನಾ ಬೆಳಿಗ್ಗೆ ಪಕ್ಕದಲ್ಲಿ ಎಚ್ಚರವಾಗಿಯೇ ಮಲಗಿದ್ದಳು, ನಾನು ಮುಗಿಸಿ ಏಳುವ ತನಕ.