ಹೆತ್ತವಳ ಕಣ್ಣು

ನನ್ನ ಎಳವೆಯ ಫೋಟೋ ಇರುವುದು ಒಂದೇ. ಅದರಲ್ಲಿ ಮುಖಕ್ಕಿಂತ ಮೊದಲು ಕಾಣುವುದು ಕೆನ್ನೆಗೆ ಅವ್ವ ಮೆತ್ತಿದ ಕಾಡಿಗೆ. ದೃಷ್ಟಿಬೊಟ್ಟು ಅನ್ನುವುದಕ್ಕಿಂತ ಅರ್ಧ ಕೆನ್ನೆ ನುಂಗಿದ ಮಸಿ ಅನ್ನಬೇಕು. ನಮ್ಮ ಕೋಡಿಹಳ್ಳಿ ಕಡೆ ಕೂಸಿಗೆ ನಿವಾಳಿಸುವಾಗ ನಾಯಿ ಕಣ್ಣು, ನರಿ ಕಣ್ಣು ಎಂದು ಶುರುಮಾಡಿ, ಹೆತ್ತವಳ ಕಣ್ಣನ್ನೂ ಸೇರಿಸಿ ಥೂ ಎಂದು ಉಗಿಯುತ್ತಾರೆ. ತಾಯಿಯನ್ನು ಕೂರಿಸಿರುವ ಪಂಕ್ತಿ ನೋಡಿದಿರಾ!

ಅವ್ವ ನನ್ನನ್ನು ಎಂದೂ ಹೊಗಳಿದವಳಲ್ಲ. ಹೊಸ ಲಂಗ ತೊಟ್ಟು ಎದುರು ನಿಂತರೆ "ಗೂಬೆ ಹಂಗವ್ಳೆ" ಅನ್ನುತ್ತಿದ್ದಳು. ಶಾಲೆಗೆ ಮೊದಲಿಗಳಾಗಿ ಪಾಸಾದ ದಿನ ಮುಖ ತಿರುಗಿಸಿ ರೇಷ್ಮೆಹುಳುವಿಗೆ ಸೊಪ್ಪು ಹಾಕಲು ಹೋದಳು. ಈಗ ರಾಮನಗರದಲ್ಲಿ ಪಾಠ ಹೇಳುವ ನನಗೆ ಯಾರಾದರೂ ಮೆಚ್ಚಿದರೆ ಸಾಕು, ಅಳು ಒತ್ತರಿಸಿ ಬರುತ್ತದೆ. ಅದಕ್ಕೇ ರೈಲು ಹತ್ತಿ ಬೆಂಗಳೂರಿನ ಮನೋವಿಶ್ಲೇಷಕಿಯೊಬ್ಬರ ಬಳಿ ಹೋಗತೊಡಗಿದೆ. ತಿಂಗಳುಗಟ್ಟಲೆ ಕೇಳಿಸಿಕೊಂಡು ಆಕೆ ಹೇಳಿದ್ದಿಷ್ಟು: ಮಗು ತನ್ನನ್ನು ಮೊದಲು ಕಾಣುವುದು ತಾಯಿಯ ಕಣ್ಣಿನಲ್ಲಿ, ನಿಮ್ಮ ತಾಯಿ ಆ ಕಣ್ಣನ್ನೇ ನಿಮ್ಮಿಂದ ತಿರುಗಿಸಿಕೊಂಡರು.

ನಿಜವೆನ್ನಿಸಿತು, ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ಊರಿಗೆ ಹೋಗಿ, ಸೊಪ್ಪು ಕತ್ತರಿಸುತ್ತಿದ್ದ ಅವ್ವನ ಎದುರು ಕೂತು ಕೇಳಿಯೇಬಿಟ್ಟೆ: "ಒಂದಿನಾನಾದ್ರೂ ನನ್ನ ಚೆಂದಾಗವ್ಳೆ ಅಂದಿದ್ಯೇನವ್ವ?"

ಅವಳ ಕೈ ನಿಂತಿತು. "ನಿನ್ಗಿಂತ ಮೊದ್ಲು ಒಬ್ಳು ಹುಟ್ಟಿದ್ಲು ಕಣವ್ವ. ತೊಟ್ಲು ತೂಗ್ತಾ ಎಷ್ಟ್ ಚೆಂದಾಗವ್ಳೆ ನನ್ ಮಗ್ಳು ಅಂದ್ಬುಟ್ಟೆ. ಅದೇ ವಾರ ಜ್ವರ ಬಂತು. ನಿಮ್ಮಪ್ಪ ಆಸ್ಪತ್ರೆ ಬ್ಯಾಡ ಅಂತ ತಾಯ್ತ ಕಟ್ಟಿಸ್ಕಂಡ್ ಬಂದ್ರು, ಹೊಂಟೋದ್ಲು. ಹೆತ್ತೋಳೇ ಕಣ್ ಹಾಕ್ಬುಟ್ಲು ಅಂದ್ರು ನಮ್ಮತ್ತೆ. ನಿನ್ನಾದ್ರೂ ಉಳಿಸ್ಕಳಾನ ಅಂತ ಸುಮ್ಕಿದ್ದೆ."

ನನ್ನ ಸಿಟ್ಟು ಆರಿತೆಂದುಕೊಳ್ಳಬೇಡಿ, ಇಮ್ಮಡಿಯಾಯಿತು. ಕೂಸು ಸತ್ತರೆ ತಾಯಿ ಕಣ್ಣು ಹಾಕಿದಳಂತೆ. ಉಳಿದ ಮಗಳು ಅತ್ತರೆ ತಾಯಿ ಕಣ್ಣು ತಿರುಗಿಸಿಕೊಂಡಳಂತೆ! ಅಕ್ಷರ ಕಾಣದ ಅಜ್ಜಿಯೂ, ಗೋಡೆ ತುಂಬ ಪದವಿಪತ್ರ ತೂಗುಹಾಕಿದ ವಿದುಷಿಯೂ ಬೆರಳು ತೋರಿಸಿದ್ದು ಇವಳೊಬ್ಬಳ ಕಡೆಗೇ. ಜ್ವರದ ಕೂಸನ್ನು ಆಸ್ಪತ್ರೆಗೆ ಒಯ್ಯದೆ ತಾಯತ ಕಟ್ಟಿಸಿ ತಂದ ಅಪ್ಪನನ್ನು ಅಂದೂ ಯಾರೂ ಕೇಳಲಿಲ್ಲ. ಆತ ನನ್ನನ್ನು ಹೇಗೆ ನೋಡುತ್ತಿದ್ದನೆಂದು ಇಂದೂ ಯಾರೂ ಕೇಳಲಿಲ್ಲ.

ರೇಗಿಯೇ ಹೇಳಿದೆ: "ಅದು ಜ್ವರ ಕಣವ್ವ, ಬರೀ ಜ್ವರ. ಡಾಕ್ಟ್ರು ತಾವ ಕರ್ಕೊಂಡೋಗಿದ್ರೆ ಉಳ್ಕತಿದ್ಲೋ ಏನೋ. ಕಣ್ಣಿಂದ ಯಾರೂ ಸಾಯಲ್ಲ."

ಅವ್ವ ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು. ಆಮೇಲೆ, ಯಾರಾದರೂ ಕೇಳಿಸಿಕೊಂಡಾರೆಂಬಂತೆ ದನಿ ತಗ್ಗಿಸಿ ಕೇಳಿದಳು:

"ಅಂಗಾರೆ, ನಾನಲ್ವಾ?"