ಸಮುದ್ರಕ್ಕೆ ಬೆನ್ನು ಹಾಕಿ ಇಳಿಯುವ ದಾರಿ

ಕಾರವಾರದ ಹಿಂದಿನ ಗುಡ್ಡಗಳನ್ನು ಹತ್ತಲು ನನಗೆ ಮೂರು ದಾರಿ ಗೊತ್ತಿದ್ದವು. ಒಂದು ಹಳ್ಳದ ಗುಂಟ, ಕಲ್ಲಿನಿಂದ ಕಲ್ಲಿಗೆ ಜಿಗಿಯುತ್ತ ಹೋಗುವುದು. ಅದು ಮಳೆಗಾಲ ಮುಗಿದ ಮೇಲೆ ಮಾತ್ರ. ಇನ್ನೊಂದು ಗೇರುಗಿಡಗಳ ನಡುವೆ ಸುತ್ತುತ್ತ ಏರುವ ಗಾಡಿದಾರಿ. ಮೂರನೆಯದು ಕಟ್ಟಿಗೆ ಹೊರುವ ಹೆಂಗಸರ ಕಾಲುದಾರಿ, ಕಡಿದಾದದ್ದು, ಎಲ್ಲಕ್ಕಿಂತ ಸಮೀಪದ್ದು. ನಾನು ಕಾರಕೂನನಾಗಿದ್ದ ಕಟ್ಟಿಗೆ ಡಿಪೋದ ಕಾವಲುಗಾರ ರಜೆಯ ದಿನಗಳಲ್ಲಿ ನನ್ನನ್ನು ಈ ಮೂರರಲ್ಲೂ ನಡೆಸಿದ್ದ. ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದ.

"ಇಳಿವಾಗ ಸಮುದ್ರ ಕಂಡ ಬದಿಗೆ ಹೋಗ್ಬೇಡಿ ಮಾರಾಯ್ರೆ. ಸಮುದ್ರಕ್ಕೆ ಬೆನ್ನು ಹಾಕಿ ಇಳೀರಿ. ದಾರಿ ತಾನೇ ಸುತ್ತಿ ಊರಿಗೆ ತಂದು ಬಿಡ್ತದೆ."

ನಾನು ತಲೆಯಾಡಿಸುತ್ತಿದ್ದೆ. ಕಾಲು ಮಾತ್ರ ಒಪ್ಪುತ್ತಿರಲಿಲ್ಲ. ನಾನು ಸಿಂದಗಿ ಕಡೆಯ ಕನ್ನೊಳ್ಳಿಯವನು. ಸುಗ್ಗಿ ಮುಗಿದ ಮೇಲೆ ನಮ್ಮ ಎರೆಹೊಲಗಳಲ್ಲಿ ದಾರಿ ಎಂಬುದೇ ಬೇಕಾಗುವುದಿಲ್ಲ. ಊರ ಬೇವಿನಮರ ಹರದಾರಿ ದೂರದಿಂದ ಕಾಣುತ್ತದೆ, ಅದಕ್ಕೆ ಮೂಗು ಹಚ್ಚಿ ನಡೆದರೆ ಮನೆ. ಇಂಡಿಯಿಂದ ಸಿಂದಗಿಯವರೆಗೆ ಬಸ್ಸಿನಲ್ಲಿ ಬಂದರೆ ಕಣ್ಣಿಗೆ ಅಡ್ಡ ಬರುವುದು ಬಣವೆಗಳಷ್ಟೇ. ಅಂಥ ನೆಲದಲ್ಲಿ ಬೆಳೆದವನಿಗೆ, ಕಾಣುವ ಊರಿಗೆ ಬೆನ್ನು ಹಾಕು ಎಂದರೆ ಹೇಗೆ?

ಎಪ್ಪತ್ತರ ದಶಕದ ನಡುವೆ ಎಲ್ಲೋ ಒಂದು ವರ್ಷ ನನ್ನ ಕಾಕಾನ ಮಗ ಕಾರವಾರಕ್ಕೆ ಬಂದ. ನನಗಿಂತ ಆರು ವರ್ಷ ದೊಡ್ಡವನು, ನಾನು ಅಣ್ಣ ಎನ್ನುತ್ತಿದ್ದೆ. ಅನ್ನ ತಿಂದು ತಿಂದು ನಾಲಗೆ ಸತ್ತಿದೆ ಎಂದು ನಾನು ಬರೆದಿದ್ದ ಕಾಗದ ಓದಿಸಿಕೊಂಡು, ಒಂದು ಗಂಟು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹೊತ್ತು ಬಂದಿದ್ದ. ಸಮುದ್ರದ ದಂಡೆಯಲ್ಲಿ ಅವನನ್ನು ನಿಲ್ಲಿಸಿದೆ. ಬಹಳ ಹೊತ್ತು ನೋಡಿ ಕೇಳಿದ:

"ಆಚಿ ದಂಡಿ ಎಲ್ಲೈತಿ?"

"ಕಾಣಂಗಿಲ್ಲಣ್ಣಾ."

"ಆ ಗುಡ್ಡ ಹತ್ತಿ ನೋಡಿದ್ರ?"

ಮರುದಿನ ಬೆಳಿಗ್ಗೆ ಗಾಡಿದಾರಿ ಹಿಡಿದು ಹತ್ತಿದೆವು. ಬೆಳಿಗ್ಗೆ ಎಂದು ಬರೆದೆ. ರೊಟ್ಟಿ ತಿಂದು ಹೊರಟ ನೆನಪಿರುವುದರಿಂದ ಹೊತ್ತು ಏರಿರಲೂಬಹುದು. ಅವನು ಧೋತರ ಉಟ್ಟು, ಮೊಳೆ ಹೊಡೆದ ಚಪ್ಪಲಿ ಮೆಟ್ಟಿದ್ದ. ಜೋಳದ ಚೀಲವನ್ನು ಒಬ್ಬನೇ ಎತ್ತಿ ಗಾಡಿಗೆ ಹಾಕುವ ಆಳು, ಏರಿನಲ್ಲಿ ಎತ್ತಿನಂತೆ ಏದುತ್ತಿದ್ದ. ತುದಿಗೆ ಬಂದು ನೋಡಿದರೆ ಸಮುದ್ರ ಇನ್ನೂ ದೊಡ್ಡದಾಗಿತ್ತು.

"ಇಷ್ಟ ಮ್ಯಾಲ ಬಂದ್ರೂ ದಂಡಿ ಕಾಣವಲ್ದು ಅಂದ್ರ," ಅಂದ, "ನಿಮ್ಮ ಗುಡ್ಡನ ಸಣ್ಣದೈತಿ."

ಇಳಿಯಲು ನಾನು ಹೆಂಗಸರ ಕಾಲುದಾರಿ ಆರಿಸಿಕೊಂಡೆ. ಅದು ಮೊದಲು ಕಾಡಿನ ಕಡೆ ತಿರುಗುತ್ತದೆ. ಅಣ್ಣ ನಿಂತುಬಿಟ್ಟ.

"ಲೇ ತಮ್ಮಾ, ಎಲ್ಲಿಗೆ ಹೊಂಟಿ? ನಿಮ್ಮ ಡಿಪೋದ ಹಂಚು ಸೈತ ಇಲ್ಲೆ ಕಾಣಾಕತ್ತಾವ. ನೀ ಆ ಕಡಿ ಯಾರ ಬೀಗರ ಊರಿಗೆ ಹೊಂಟೀಯೋ?"

ಕಾವಲುಗಾರನ ಮಾತು ಹೇಳಿದೆ.

"ಕಂಡ ಮನಿಗೆ ಬೆನ್ನ ಹಚ್ಚಂತ ಅವ ಹೇಳಿದ, ಇವ ಕೇಳಿದ. ಸಾಲಿ ಕಲಿತು ಕೆಟ್ಟಿ ನೋಡು."

ನಕ್ಕೆ. ಆಮೇಲೆ ದಾರಿ ಬಿಟ್ಟು ಸಮುದ್ರದ ಬದಿಗೆ ಮೊದಲು ಹೆಜ್ಜೆ ಇಟ್ಟವರು ಯಾರು? ನನ್ನ ನೆನಪಿನಲ್ಲಿ ಮುಂದೆ ಇರುವುದು ಅವನ ಬೆನ್ನು. ಆದರೆ "ನಡಿ ಹಂಗಾರ" ಎಂಬ ದನಿಯೊಂದು ಕೇಳುತ್ತದೆ, ಅದು ನನ್ನದು. ದಾರಿ ಗೊತ್ತಿದ್ದವನು ನಾನೊಬ್ಬನೇ.

ಒಣಹುಲ್ಲು ಇತ್ತು. ಹುಲ್ಲು ಮುಗಿದಲ್ಲಿ ಕರಿಬಂಡೆ ಇಳಿಜಾರಾಗಿತ್ತು. ಅಣ್ಣ ಒಮ್ಮೆಲೇ ಕುಂಡಿಯ ಮೇಲೆ ಜಾರಿ, ನಾಲ್ಕೈದು ಮಾರು ಕೆಳಗೆ ಹೋಗಿ, ಬಂಡೆಯ ಬಿರುಕಿನಲ್ಲಿ ಬೆಳೆದ ಒಂದು ಗಿಡಕ್ಕೆ ಹಿಮ್ಮಡಿ ತಾಗಿ ನಿಂತ. ಒಂದು ಚಪ್ಪಲಿ ಮುಂದೆ ಹೋಯಿತು. ಅದು ಬಿದ್ದ ಸಪ್ಪಳ ಕೇಳಲಿಲ್ಲ. ಅವನ ಕಾಲಿನಾಚೆ ನೆಲ ಇರಲಿಲ್ಲ, ಮರಗಳ ತಲೆಗಳಿದ್ದವು, ಅವುಗಳಾಚೆ ನೀರು.

"ಅಣ್ಣಾ, ಅಳ್ಳಾಡಬ್ಯಾಡ."

"ಅಳ್ಳಾಡಂಗಿಲ್ಲ. ನೀ ಮಾತಾಡ."

"ಧೋತರ ಬಿಚ್ಚಿ ಮ್ಯಾಲ ಒಗಿ. ಹಿಡಿದು ಎಳಿತೇನಿ."

"ಕೈ ಬಿಟ್ರ ಕೆಳಗ ಹೊಕ್ಕೇನಿ. ಬಿಚ್ಚಿದ್ರೂ ನೀ ನನ್ನ ಎಳದೀಯಾ? ಒಂದು ಚೀಲ ಎತ್ತಾಕ ಬರದವ." ಅಂಗೈಗಳನ್ನು ಬಂಡೆಗೆ ಇನ್ನಷ್ಟು ಒತ್ತಿದ. "ಕಣ್ಣ ಮುಚ್ಚೇನಿ. ತೆರದ್ರ ನೀರ ಕಾಣತೈತಿ. ನಿನ್ನ ದನಿ ನಿಂತ್ರ ನಾ ಜಾರತೇನಿ ನೋಡು."

ಅಂಗಿ ಬಿಚ್ಚಿ ಇಳಿಬಿಟ್ಟೆ. ಅರ್ಧದವರೆಗೂ ಮುಟ್ಟಲಿಲ್ಲ. ನಾನೇ ಕುಳಿತು ಒಂದು ಕಾಲು ಬಂಡೆಗೆ ಇಟ್ಟೆ, ಉಸುಕು ಸರಿಯಿತು, ಕಾಲು ಹಿಂದಕ್ಕೆ ಎಳೆದುಕೊಂಡೆ. ಮಾಡಲು ಉಳಿದದ್ದು ಮಾತು. ಸಿಂದಗಿ ಬಸ್ ಸ್ಟ್ಯಾಂಡಿನಿಂದ ಕನ್ನೊಳ್ಳಿಗೆ ಮಾತಿನಲ್ಲೇ ಅವನನ್ನು ನಡೆಸಿಕೊಂಡು ಹೋದೆ. ಇಲ್ಲಿ ಬಾವಿ, ಇಲ್ಲಿ ಬದುವಿನ ಬನ್ನಿಗಿಡ, ಇಲ್ಲಿ ತೊಗರಿ ಹೊಲ.

"ಅಲ್ಲಿ ಈ ವರ್ಷ ತೊಗರಿ ಅಲ್ಲ, ಕುಸುಬಿ," ಎಂದು ಮುಚ್ಚಿದ ಕಣ್ಣಿನಲ್ಲೇ ತಿದ್ದಿದ.

ಮನೆ ಬಂತು. ಮತ್ತೆ ಬಸ್ ಸ್ಟ್ಯಾಂಡಿಗೆ ಹೋಗಿ ಇನ್ನೊಮ್ಮೆ ನಡೆದೆವು. ಎಷ್ಟು ಸಲ ನಡೆದೆವೋ. ಬಿಸಿಲಿಗೆ ಬಂಡೆ ಕಾದಿತ್ತು. ಅವನ ಹಿಮ್ಮಡಿಯ ಕೆಳಗೆ ಆ ಗಿಡದ ಬುಡ ಸಡಿಲಾಗುತ್ತಿರುವುದು ನನಗೆ ಕಾಣುತ್ತಿತ್ತು, ಅವನಿಗೆ ಕಾಣುತ್ತಿರಲಿಲ್ಲ.

ಯಾರನ್ನಾದರೂ ಕರೆತರಬೇಕು ಎಂದುಕೊಂಡೆ. ಹೇಳಿದರೆ ಅವನು ಬಿಡುವುದಿಲ್ಲ. ಹೇಳದೆ ಎದ್ದೆ. ಓಡಿದೆ. ಸಹಾಯಕ್ಕಾಗಿ ಓಡಿದೆ ಎಂದು ಬರೆಯುವುದು ಸುಲಭ. ಆ ಬುಡ ಕಿತ್ತುಬರುವುದನ್ನು ನೋಡಲಾರದೆ ಓಡಿರಬಹುದು. ಎರಡನ್ನೂ ಬೇರ್ಪಡಿಸಲು ಇಷ್ಟು ವರ್ಷ ಪ್ರಯತ್ನಿಸಿದ್ದೇನೆ, ಆಗಿಲ್ಲ.

ಕಾಡಿನೊಳಗೆ ಏನೂ ಕಾಣಲಿಲ್ಲ. ನಮ್ಮ ಕಡೆಯವರಿಗೆ ಕಾಣದ ಜಾಗದಲ್ಲಿ ನಡೆಯಲು ಬರುವುದಿಲ್ಲ. ಕಾಲುದಾರಿ ಸಿಕ್ಕಿತು, ತಪ್ಪಿತು. "ಯಾರರೆ ಅದೀರೇನ್ರಿ?" ಎಂದು ಕೂಗಿದೆ, ಕೂಗಿದೆ, ದನಿ ಹರಿದು ಬರೀ ಗಾಳಿ ಬರುವವರೆಗೆ ಕೂಗಿದೆ. ಅವನಿಗೆ ಬೇಕಾಗಿದ್ದ ದನಿಯನ್ನು ಮರಗಳಿಗೆ ಸುರಿದೆ. ಹೊತ್ತು ವಾಲಿದ್ದು ಎಲೆಗಳ ನಡುವಿನ ಬೆಳಕಿನಿಂದ ತಿಳಿಯಿತು. ಕೊನೆಗೆ ಗುಡ್ಡದ ತುದಿಗೆ ಮರಳಿ, ಒಣಹುಲ್ಲಿನಲ್ಲಿ ನಾವು ತುಳಿದ ಗುರುತು ಹುಡುಕಿ, ಬಂಡೆಯ ಅಂಚಿಗೆ ಬಂದೆ.

ಅಣ್ಣ ಅಲ್ಲಿರಲಿಲ್ಲ. ಗಿಡವೂ ಇರಲಿಲ್ಲ.

ಎಷ್ಟು ಹೊತ್ತು ಕುಳಿತೆನೋ. ಕೆಳಗೆ ಬಲಗಡೆಯಿಂದ ಕೆಮ್ಮು ಕೇಳಿತು. ಅದು ಅವನ ಕೆಮ್ಮು. ಹುಲ್ಲು ಹಿಡಿದು ಬದಿಗೆ ಸರಿದರೆ ಕಾಲುದಾರಿ ಅಲ್ಲೇ ಇತ್ತು. ಕಾಡು ಸುತ್ತಿ ಬಂದು ಆ ಬಂಡೆಯ ಮಗ್ಗುಲಲ್ಲೇ ಇಳಿಯುತ್ತಿತ್ತು. ಅವನು ಸಿಕ್ಕಿಕೊಂಡಿದ್ದ ಜಾಗಕ್ಕೆ ಹತ್ತು ಹೆಜ್ಜೆ ದೂರ. ಕಟ್ಟಿಗೆ ಹೊರೆ ಇಳಿಸಿದ ಇಬ್ಬರು ಹೆಂಗಸರು ಮರದ ಕೆಳಗೆ ಅವನಿಗೆ ನೀರು ಕುಡಿಸುತ್ತಿದ್ದರು. ಬರಿಗಾಲಲ್ಲಿ ಬಂಡೆ ದಾಟಿ, ಹೊರೆಯ ಹಗ್ಗವನ್ನು ಅವನ ಸೊಂಟಕ್ಕೆ ಸುತ್ತಿ ಎಳೆದುಕೊಂಡಿದ್ದರಂತೆ. ಅವರಲ್ಲಿ ಹಿರಿಯಳು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು.

"ಇವ್ರ ಸಂಗ್ತಿಗೆ ಬಂದವ್ರು ನೀವಾ?" ಮೆಲ್ಲಗೆ, ನನಗಷ್ಟೇ ಕೇಳುವಂತೆ ಹೇಳಿದಳು. "ಒಬ್ಬರೇ ಮಾತಾಡ್ತಾ ಇದ್ರು. ಹೌದಾ, ಮುಂದೆ ಹೇಳು, ಮುಂದೆ ಹೇಳು ಅಂತ. ಮೇಲೆ ಯಾರೂ ಇರ್ಲಿಲ್ಲ."

ಅಣ್ಣ ತಲೆ ಎತ್ತಿದ. "ನೀನೂ ಇಳದ್ಯಾ ತಮ್ಮಾ?"

"ಹೂಂ" ಎನ್ನಲು ಹೋದೆ, ದನಿ ಹೊರಡಲಿಲ್ಲ.

"ನೋಡ್ರಿ ಅವ್ವಾರ, ಮಾತಾಡಿ ಮಾತಾಡಿ ಹೆಂಗ ಗಂಟಲ ಹರಕೊಂಡಾನ," ಎಂದು ಆ ಹೆಂಗಸರಿಗೆ ತೋರಿಸಿ, ಉಳಿದ ನೀರನ್ನು ನನಗೆ ಕೊಟ್ಟ. ಕುಡಿದೆ.

ರಜೆಗೆ ಊರಿಗೆ ಹೋದಾಗ ಈ ಕಥೆ ನನಗಿಂತ ಮೊದಲೇ ಅಲ್ಲಿತ್ತು. ಕಟ್ಟೆಯ ಮೇಲೆ ಅಣ್ಣ ಹೇಳುತ್ತಿದ್ದ.

"ಒಂದ ಗಳಿಗಿ ದನಿ ನಿಂದ್ರಿಸಿಲ್ಲ ಇಂವ. ಕಡೀಕ ಏನ ಹೇಳಿದ ಗೊತ್ತೇನು? ನಮ್ಮವ್ವ ಪಡಸಾಲ್ಯಾಗ ಕುಂತು ಅವರಿ ಸುಲಿಯಾಕತ್ತಾಳ, ಒಳಗ ಬಾ ಅಂತಾಳ, ಅಂದ. ಆವಾಗ ನೋಡು ಜೀವ ಗಟ್ಟಿ ಆತು."

ನಾನು ಅದನ್ನು ಹೇಳಿರಲಿಲ್ಲ. ಹೇಳಿರಲಿಲ್ಲ ಎಂದು ಆಗ ಖಾತ್ರಿಯಿತ್ತು. ಈಗ ಬರೆಯುವಾಗ ಕಾಕಿಯ ಮಡಿಲಿನ ಅವರೆಕಾಯಿ ಕಾಣುತ್ತದೆ.

"ಹೌದಲ್ಲೋ?" ಎಂದು ಕೇಳಿದ, ಎಲ್ಲರ ಮುಂದೆ.

"ಹೌದಣ್ಣಾ," ಅಂದೆ.

ಆ ಸಂಜೆ ಹೊಲದಿಂದ ಮರಳುತ್ತಿದ್ದೆವು. ಎದುರಿಗೆ ಬೇವಿನಮರ, ನಡುವೆ ಬರೀ ಬಯಲು. ಅವನು ಮುಂದೆ, ನಾನು ಹಿಂದೆ. ಹತ್ತು ಹೆಜ್ಜೆ ಹೋಗಿ ನಿಂತ. ತಿರುಗಿ ನೋಡಲಿಲ್ಲ.

"ಮಾತಾಡ್ಕೋತ ಬಾರೋ ತಮ್ಮಾ," ಅಂದ. "ನೀ ಸುಮ್ನಾದ್ರ ಈಗೀಗ ಕಾಲ ಏಳಂಗಿಲ್ಲ."

ಅವನು ನಿಂತೇ ಇದ್ದ. ಇಲ್ಲಿ ಬಾವಿ, ಅಂದೆ. ಇಲ್ಲಿ ಬದುವಿನ ಬನ್ನಿಗಿಡ. ಅವನು ಕಾಲು ಎತ್ತಿದ.