ಚೌಕಟ್ಟಿನ ಕಾಕಾ

ಕಳೆದ ವಾರ ಪಕ್ಕದ ಮನೆಯವರ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟ ಮುಗಿಸಿ ಹೊರಡುವಾಗ ತೆಂಗಿನಕಾಯಿ, ಎಲೆಯಡಿಕೆ ಹಾಕಿ ಒಂದು ಬಟ್ಟೆಯ ಚೀಲ ಕೊಟ್ಟರು. ಅದರ ಮೇಲೆ ಮನೆಯವರ ಹೆಸರು ಅಚ್ಚಾಗಿತ್ತು. ಅವಸರಕ್ಕೆ ಮಾಡಿಸಿದ್ದಿರಬೇಕು, ಬಣ್ಣ ಪೂರ್ತಿ ಆರಿರಲಿಲ್ಲ. ಮನೆಗೆ ಬಂದು ನೋಡಿದರೆ ಹೆಬ್ಬೆರಳಿಗೆಲ್ಲ ಹಸಿರು. ಸುಮ್ಮನೆ ಮೂಗಿನ ಹತ್ತಿರ ಒಯ್ದೆ. ಸೀಮೆಎಣ್ಣೆ, ಬಣ್ಣ, ಹೊಸ ಬಟ್ಟೆಯ ಗಂಜಿ... ಮೂರೂ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ದಾಂಡೇಲಿಯ ಬಸ್ ನಿಲ್ದಾಣದ ಹಿಂದಿನ ತಗಡಿನ ಶೆಡ್ಡು ಕಣ್ಣ ಮುಂದೆ ಬಂದು ನಿಂತಿತು. ಅದರ ಬಾಗಿಲಲ್ಲಿ ನಮ್ಮ ಚೌಕಟ್ಟಿನ ಕಾಕಾ.

ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮ ಯಜಮಾನರಿಗೆ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಧಾರವಾಡ ಬಿಟ್ಟು ಕಾರ್ಖಾನೆಯವರ ವಸತಿಯಾದ ಬಂಗೂರನಗರಕ್ಕೆ ಸಂಸಾರ ತಂದೆವು. ಗಂಡಸರ ಪಾಳಿ ಹೇಗೋ ಹಾಗೆ ನಮ್ಮ ಒಲೆ. ಪಾಳಿಯ ಭೋಂಗಾ ಕೂಗಿ ಗಂಡಸರು ಹೋದ ಮೇಲೆ ಓಣಿಗೆ ಓಣಿಯೇ ಹೆಂಗಸರ ರಾಜ್ಯ. ಬರೀ ಹರಟೆ ಎಷ್ಟು ದಿನ ಹೊಡೆಯುವುದು? ನಾವು ಕೆಲವರು ಸೇರಿ ಬಟ್ಟೆಯ ಮೇಲೆ ಅಚ್ಚು ಹಾಕುವ ಒಂದು ಮಂಡಳ ಕಟ್ಟಿದೆವು. ಹಾಸಿಗೆಯ ಚಾದರ, ದಿಂಬಿನ ಚೀಲ, ಮೇಜಿನ ಹೊದಿಕೆ ಇಂಥವು.

ಮಂಡಳದಲ್ಲಿ ಎಲ್ಲರಿಗಿಂತ ಹಿರಿಯಳಾದವಳನ್ನು ಹಿರಿಯಕ್ಕ ಎನ್ನುತ್ತಿದ್ದೆವು. ಬೆಳಗಾವಿ ಕಡೆಯವಳು. ಗಂಡ ತೀರಿಕೊಂಡ ಮೇಲೆ ಕಾರ್ಖಾನೆಯಲ್ಲಿದ್ದ ತಮ್ಮನ ಮನೆಗೆ ಬಂದು ಇದ್ದಳು. ತಮ್ಮ ಒಳ್ಳೆಯವನೇ. ಆದರೆ ತನ್ನ ರೊಟ್ಟಿ ತಾನೇ ಗಳಿಸಬೇಕೆಂಬುದು ಅವಳ ಹಟ. ನಮಗೆಲ್ಲ ಮಂಡಳವೆಂದರೆ ಹೊತ್ತು ಹೋಗುವ ದಾರಿ, ಅವಳಿಗೆ ಬದುಕು.

ಅಚ್ಚು ಹಾಕಲು ಬೇಕಾದದ್ದು ಒಂದು ಕಟ್ಟಿಗೆಯ ಚೌಕಟ್ಟು. ಅದಕ್ಕೆ ತೆಳು ರೇಷ್ಮೆ ಬಿಗಿದು, ಹೂವಿನ ಆಕಾರ ಬಿಟ್ಟು ಉಳಿದದ್ದನ್ನು ಮುಚ್ಚಿ, ಬಣ್ಣ ಸುರಿದು ರಬ್ಬರಿನ ಪಟ್ಟಿಯಿಂದ ಎಳೆದರೆ ಕೆಳಗಿನ ಬಟ್ಟೆಯ ಮೇಲೆ ಹೂವು ಮೂಡುತ್ತದೆ. ಆ ಚೌಕಟ್ಟು, ಪಟ್ಟಿ, ಅಚ್ಚಿನ ಮೇಜು ಇವನ್ನೆಲ್ಲ ಮಾಡಿ ಮಾರುವವರು ನಮ್ಮ ಸೀಮೆಗೆಲ್ಲ ಕಾಕಾ ಒಬ್ಬರೇ. ಹಣೆ ತುಂಬ ವಿಭೂತಿ. ಕಿವಿಯ ಕೂದಲಲ್ಲಿ ಸದಾ ಸಾಗವಾನಿಯ ಹುಡಿ. ಮಾತು ಕಡಿಮೆ, ನಗು ಅದಕ್ಕಿಂತ ಒಂದಿಷ್ಟು ಜಾಸ್ತಿ. ಕುಳಗಿಯ ಅರಣ್ಯ ಕ್ಯಾಂಪಿನ ಫಲಕಗಳಿಗೆ, ಹಳಿಯಾಳದ ಬಟ್ಟೆ ಅಂಗಡಿಗಳ ಚೀಲಗಳಿಗೆ, ಮುಂಡಗೋಡದ ಶಾಲೆಯ ಧ್ವಜಗಳಿಗೆ ಅವರದೇ ಚೌಕಟ್ಟು. ಅವರ ಅಂಗಡಿಯ ಮಾಲನ್ನು ಯಾರೂ ತಿರುವಿ ಪರೀಕ್ಷಿಸಿ ಕೊಳ್ಳುತ್ತಿರಲಿಲ್ಲ. ಅಷ್ಟು ಹೆಸರು.

ಆ ಹೆಸರಿಗೆ ಇನ್ನೊಂದು ಕಾರಣವೂ ಇತ್ತು. ಬೇರೆಯವರ ಮಾಲಿನ ಬಗ್ಗೆ ಕಾಕಾ ಎಂದೂ ಒಂದು ಕೆಟ್ಟ ಮಾತು ಆಡಿದವರಲ್ಲ. ಒಮ್ಮೆ ಜೋಯಿಡಾದ ಪೇಂಟರ್ ಒಬ್ಬ ಎಲ್ಲಿಯೋ ಕೊಂಡು ತಂದ ಮುರುಕು ಚೌಕಟ್ಟನ್ನು ರಿಪೇರಿಗೆ ತಂದಿದ್ದ. ಮೂಲೆಯ ಜೋಡಣೆ ಎಲ್ಲ ಬಾಯಿಬಿಟ್ಟಿತ್ತು. ಕಾಕಾ ಸರಿ ಮಾಡಿ ಕೊಟ್ಟರು. ಎಲ್ಲಿ ತಗೊಂಡಿ ಎಂದು ಕೂಡ ಕೇಳಲಿಲ್ಲ. ಅವನು ಹೋದ ಮೇಲೆ ನಾನೇ ಅಂದೆ, "ಎಂಥಾ ಖೊಟ್ಟಿ ಮಾಲ್ರಿ ಕಾಕಾ ಅದು!"

ಕಾಕಾ ನಕ್ಕರು. "ಇನ್ನೊಬ್ಬರ ಗಂಗಾಳದಾಗ ಮಣ್ಣ ಹಾಕಿ ನಾ ಹೆಂಗ ಉಣ್ಲೆವಾ?"

ಎಂಥ ದೊಡ್ಡ ಮನುಷ್ಯ ಎಂದುಕೊಂಡು ಮನೆಗೆ ಬಂದು ಯಜಮಾನರಿಗೂ ಹೇಳಿದ್ದೆ...

ಆಗಲೇ ಹಳಿಯಾಳದ ಪೇಟೆಯಲ್ಲಿ ಒಬ್ಬ ಹೊಸ ವ್ಯಾಪಾರಿ ಅಂಗಡಿ ಇಟ್ಟ. ಹರೆಯದವನು, ಚುರುಕು ಮಾತಿನವನು. ಮರಾಠಿಯವರಿಗೆ ಮರಾಠಿ, ಕೊಂಕಣಿಯವರಿಗೆ ಕೊಂಕಣಿ. ಅವನಲ್ಲಿ ಚೌಕಟ್ಟು, ಮೇಜು ಎಲ್ಲ ಮುಂಬೈ ಮಾಲು ಎಂದು ಸುದ್ದಿ. ಪ್ರತಿಯೊಂದಕ್ಕೂ ಹೊಳೆಯುವ ಹಿತ್ತಾಳೆಯ ತಗಡು ಬಡಿದಿತ್ತು, ಅದರ ಮೇಲೆ ಇಂಗ್ಲಿಷಿನಲ್ಲಿ ಕಂಪನಿಯ ಹೆಸರು. ಜನಕ್ಕೆ ಮುಂಬೈ ಎಂದರೆ ಮುಗಿಯಿತು.

ಅದೇ ಮಳೆಗಾಲದ ಆರಂಭದಲ್ಲಿ ಹುಬ್ಬಳ್ಳಿಯ ಬಟ್ಟೆ ಸಾಹುಕಾರರೊಬ್ಬರು ನಮ್ಮ ಚಾದರಗಳನ್ನು ಮೆಚ್ಚಿಕೊಂಡು, ದೀಪಾವಳಿಯ ಮಾರಾಟಕ್ಕೆ ಒಂದು ದೊಡ್ಡ ಕೆಲಸ ಒಪ್ಪಿಸಿದರು. ನಾಲ್ಕು ಬಣ್ಣದ ಹೂಬಳ್ಳಿ. ಬಣ್ಣಕ್ಕೊಂದು ಚೌಕಟ್ಟು ಬೇಕು, ಜೊತೆಗೆ ಉದ್ದನೆಯ ಮೇಜು. ನಮ್ಮ ಖುಷಿ ಹೇಳತೀರದು. ಬಟ್ಟೆ ಕೊಳ್ಳುವುದಕ್ಕೆ ಹಿರಿಯಕ್ಕ ತನ್ನ ಕೈಯ ಪಾಟ್ಲಿಗಳನ್ನು ಅಡವಿಟ್ಟಳು. ಗಂಡನ ನೆನಪೆಂದು ಅವಳಲ್ಲಿ ಉಳಿದಿದ್ದ ಬಂಗಾರ ಅಷ್ಟೇ.

ಕಾಕಾನ ಬಳಿ ಹೋದೆವು. ಅವರು ಶೆಡ್ಡಿನ ಮೂಲೆಗೆ ಒಟ್ಟಿದ್ದ ಹಲಗೆಗಳನ್ನು ಮುಟ್ಟಿ ನೋಡಿ ತಲೆಯಾಡಿಸಿದರು.

"ದೀಪಾವಳಿಗೆ ಆಗೂದಿಲ್ರಿ. ಕಟಗಿ ಇನ್ನೂ ಹಸಿ ಐತಿ. ನಾ ಒಣಗಂದ್ರ ಒಣಗತೈತೇನು?"

ಬೇಡಿಕೊಂಡೆವು. ಆಗುವುದಿಲ್ಲವೆಂದರೆ ಇಲ್ಲ. ಆಗ ನಾನು ನೇರವಾಗಿ ಕೇಳಿದೆ, "ಹಂಗಾರ ಹಳಿಯಾಳದಾಗ ತಗೊಳ್ಳೂಣೇನ್ರಿ? ಆ ಮಾಲು ಚಲೋ ಐತೇನು?"

ಕಾಕಾ ಕೈಯಲ್ಲಿದ್ದ ಉಜ್ಜುಗೊರಡನ್ನು ಕೆಳಗಿಟ್ಟು, ಮತ್ತೆ ಎತ್ತಿಕೊಂಡರು. ಕೊನೆಗೆ, "ನೋಡಿ ತಗೋರಿ" ಎಂದರು. ಅಷ್ಟೇ. ನಾವು ಅದನ್ನು ಒಪ್ಪಿಗೆ ಎಂದು ತಿಳಿದೆವು. ಕಾಕಾ ಬೇಡ ಎನ್ನಲಿಲ್ಲವಲ್ಲ!

ಹಳಿಯಾಳದಿಂದ ಮೇಜು, ಚೌಕಟ್ಟು ಬಂದವು. ಮೊದಲ ಕೆಲವು ದಿನ ಬಳ್ಳಿ ಚೆನ್ನಾಗಿಯೇ ಮೂಡಿತು. ಆಮೇಲೆ ಮಳೆ ಹಿಡಿಯಿತು. ಒಂದು ಬೆಳಿಗ್ಗೆ ನೋಡಿದರೆ ಕೆಂಪು ಹೂವು ತನ್ನ ಜಾಗ ಬಿಟ್ಟು ಎಲೆಯ ಮೇಲೆ ಕೂತಿದೆ. ಮರುದಿನ ಹಳದಿಯೂ ಹಾಗೇ. ನಮ್ಮ ಕೈ ತಪ್ಪೆಂದು ಮತ್ತೆ ಮತ್ತೆ ಹಾಕಿದೆವು. ಚೌಕಟ್ಟುಗಳು ಹಪ್ಪಳದಂತೆ ಸೊಟ್ಟಗಾಗಿದ್ದವು, ರೇಷ್ಮೆ ಸಡಿಲಾಗಿ ಜೋತಿತ್ತು. ಅದು ನಮಗೆ ತಿಳಿಯುವ ಹೊತ್ತಿಗೆ ಬಟ್ಟೆಯ ಹೆಚ್ಚಿನ ಪಾಲು ಹಾಳಾಗಿ ಹೋಗಿತ್ತು. ಸಾಹುಕಾರರು ಬಂದು ನೋಡಿದರು, ಒಂದು ಚಾದರವನ್ನು ಮಡಚಿ ಹಿರಿಯಕ್ಕನ ಕೈಗೇ ಕೊಟ್ಟು ಹೊರಟುಹೋದರು. ಅವಳು ಅಳಲಿಲ್ಲ. ಬೋಳು ಮುಂಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೂಲೆಯಲ್ಲಿ ಕುಳಿತಳು. ಅದನ್ನು ನನಗೆ ನೋಡಲಾಗಲಿಲ್ಲ.

ಚೌಕಟ್ಟುಗಳನ್ನು ಹೊತ್ತುಕೊಂಡು ನಾನೂ ಅವಳೂ ಕಾಕಾನ ಶೆಡ್ಡಿಗೆ ಹೋದೆವು. ಅವರು ಒಂದನ್ನು ತೆಗೆದುಕೊಂಡು ಹಿತ್ತಾಳೆಯ ತಗಡಿನ ಮೊಳೆ ಕಿತ್ತರು. ಅದರ ಕೆಳಗೆ ಕಟ್ಟಿಗೆ ಇನ್ನೂ ಒದ್ದೆಯಾಗಿತ್ತು. ಅದನ್ನು ಕಂಡು ಅವರ ಮುಖದಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. 

"ನಿಮಗ ಗೊತ್ತಿತ್ತೇನ್ರಿ ಕಾಕಾ?"

"ಗೊತ್ತಿತ್ತು," ಎಂದರು. "ಅಂವ ಮೊದಲ ನನ್ನ ಕಡೇನ ಬಂದಿದ್ದ. ಹಸಿ ಕಟಗೀಲೆ ಲಗೂ ಮಾಡಿ ಕೊಡ್ರಿ, ತಗಡ ನಾ ಬಡಕೋತೇನಿ ಅಂದ. ನಾ ಒಲ್ಲೆ ಅಂದೆ. ಬ್ಯಾರೆಯವರ ಕಡಿಂದ ಮಾಡಿಸಿದ."

"ಮತ್ತ ಅವತ್ತ ಯಾಕ ಹೇಳಲಿಲ್ಲ? ಬಾಯಿಬಿಟ್ಟ ಕೇಳಿದ್ನೆಲ್ಲ ನಾನು! ನಿಮ್ಮ ಹೆಸರು ಉಳೀತು, ಇಕಿ ಪಾಟ್ಲಿ ಹೋತು!"

ಹಿರಿಯಕ್ಕ ನನ್ನ ಕೈ ಜಗ್ಗಿದಳು, "ಸುಮ್ಮನಿರ ತಂಗಿ." ಕಾಕಾ ಅವಳ ಬರಿಗೈಯನ್ನೇ ನೋಡುತ್ತ ನಿಂತಿದ್ದರು. ಆಮೇಲೆ ಮೆಲ್ಲಗೆ ಅಂದರು, "ಖರೆ. ಇನ್ನೊಬ್ಬನ ಗಂಗಾಳ ಕಾಯ್ದೆ ಅಂತ ತಿಳಕೊಂಡಿದ್ದೆ. ನನ್ನ ಹೆಸರ ಕಾಯ್ದೆ, ಅಷ್ಟ."

ಹಳಿಯಾಳದ ಸಂತೆಯ ದಿನ ಬೆಳಿಗ್ಗೆ ಕಾಕಾ ನಮ್ಮ ಮನೆಯ ಮುಂದೆ ನಿಂತಿದ್ದರು. ಹೆಗಲ ಮೇಲೆ ಆ ಸೊಟ್ಟ ಚೌಕಟ್ಟುಗಳ ಕಟ್ಟು. "ನಡೀರಿ, ಹೋಗೂಣು," ಎಂದರು. ಎಲ್ಲಿಗೆ ಎಂದು ಕೇಳುವ ಅಗತ್ಯವಿರಲಿಲ್ಲ. ಮೂವರೂ ಬಸ್ಸು ಹತ್ತಿದೆವು.

ಸಂತೆಯ ಜನ ಅಂಗಡಿಯ ಮುಂದೆಲ್ಲ ತುಂಬಿದ್ದರು. ಒಳಗೆ ಮುಂಡಗೋಡದ ಒಬ್ಬ ಚಿತ್ರಕಲೆಯ ಮಾಸ್ತರರು ಶಾಲೆಗೆಂದು ಚೌಕಟ್ಟು ಆರಿಸುತ್ತಿದ್ದರು. ಕಾಕಾ ತಮ್ಮ ಹೊರೆಯನ್ನು ಕಟ್ಟೆಯ ಮೇಲಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದರು.

"ಮಾಸ್ತರ, ಅದನ್ನ ತಗೋಬ್ಯಾಡ್ರಿ. ಹಸಿ ಕಟಗಿ ಐತಿ. ಮುಂಬೈದಲ್ಲ ಅದು, ಇಲ್ಲೇ ಮಾಡಿದ್ದು. ಈ ಹೆಣ್ಣಮಕ್ಕಳ ಗತಿ ಏನಾಗೇತಿ ನೋಡ್ರಿ."

ವ್ಯಾಪಾರಿಯ ಮುಖ ಒಂದು ಕ್ಷಣ ಕಪ್ಪಿಟ್ಟಿತು. ಆದರೆ ಅವನು ಮಾತು ಬಲ್ಲವನು. ನಗುತ್ತಲೇ ಅಂದ, "ಏನ್ ಕಾಕಾ, ಗಿರಾಕಿ ಕಡಿಮಿ ಆದ್ರೇನು? ಹೊಟ್ಟಿಕಿಚ್ಚಿಗೂ ಒಂದ ಮಿತಿ ಇರಬೇಕು."

ಹೊರಗೆ ನಿಂತವರು ಗೊಳ್ಳೆಂದು ನಕ್ಕರು. ಹೆಸರಾದ ಮನುಷ್ಯನನ್ನು ಆಡಿಕೊಳ್ಳುವ ಅವಕಾಶ ಜನ ಬಿಡುತ್ತಾರೆಯೇ? ಮಾಸ್ತರರು ಮಾತ್ರ ನಗಲಿಲ್ಲ. ಕೈಯಲ್ಲಿದ್ದ ಚೌಕಟ್ಟನ್ನೂ ಕಾಕಾನನ್ನೂ ನೋಡಿ, ಗೌರವದಿಂದಲೇ ಕೇಳಿದರು, "ನೀವೂ ಇದ ಮಾಲ ಮಾರವರಲ್ಲೇನ್ರಿ? ನಿಮ್ಮ ಮಾತ ನಾ ಹೆಂಗ ನಂಬಲಿ?"

ಆ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ.  ಕಾಕಾ ಎದೆಯ ಮೇಲೆ, ಅಂಗಿಯೊಳಗೆ ಲಿಂಗದ ಕರಡಿಗೆ ಇದ್ದ ಜಾಗಕ್ಕೆ ಕೈಯಿಟ್ಟುಕೊಂಡರು.

"ಖರೆ ಐತ್ರಿ ನಿಮ್ಮ ಮಾತು. ಮಾರವನ ಮಾತ ನಂಬಬಾರದು. ಅದಕ್ಕ, ಇವತ್ತಿನಿಂದ ನಾ ಮಾರೂದ ಬಿಟ್ಟೆ. ಲಿಂಗದಾಣಿ. ಚೌಕಟ್ಟಿಲ್ಲ, ಪಟ್ಟಿ ಇಲ್ಲ, ಮೇಜಿಲ್ಲ. ನೀವು ನನ್ನ ಬಾಗಲಕ್ಕ ಬಂದ್ರೂ ಕೊಡೂದಿಲ್ಲ. ಬೆಳಗಾವಿಗೆ ಹೋಗ್ರಿ, ಒಣಗಿದ್ದ ನೋಡಿ ತಗೋರಿ. ಈಗರೆ ಕೇಳ್ರಿ ಮಾಸ್ತರ, ಅದನ್ನ ತಗೋಬ್ಯಾಡ್ರಿ."

ನಗು ನಿಂತುಹೋಯಿತು. ಮಾಸ್ತರರು ಚೌಕಟ್ಟನ್ನು ನಿಧಾನವಾಗಿ ಕೆಳಗಿಟ್ಟು, ಕಾಕಾನಿಗೆ ಕೈಮುಗಿದು ಹೊರಗೆ ನಡೆದರು. 

ಬರುವಾಗ ಬಸ್ಸಿನಲ್ಲಿ ಹಿರಿಯಕ್ಕನಿಗೆ ತಡೆಯಲಾಗಲಿಲ್ಲ. "ಹಿಂಗ್ಯಾಕ ಮಾಡಿದ್ರಿ ಅಣ್ಣಾ? ಹೊಟ್ಟಿಪಾಡು ಹೆಂಗ?"

"ದಾಂಡೇಲ್ಯಾಗ ಬಡಿಗ್ಯಾಗ ಕೆಲಸಕ್ಕ ಬರ ಬಂತೇನವಾ? ಬಾಗಲಾ ಮಾಡ್ತೇನಿ, ಮಂಚ ಮಾಡ್ತೇನಿ," ಎಂದು ನಕ್ಕರು. ಆಮೇಲೆ ಕಿಟಕಿಯ ಕಡೆ ತಿರುಗಿದವರು ಊರು ಬರುವತನಕ ಈ ಕಡೆ ನೋಡಲಿಲ್ಲ.

ಸಂತೆಯಲ್ಲಿ ಆಡಿದ ಮಾತು ಮುಂಡಗೋಡದವರೆಗೂ ಹೋಯಿತು. ಮಾಲು ತಿರುಗಿ ಬರತೊಡಗಿದಾಗ ಹಳಿಯಾಳದ ವ್ಯಾಪಾರಿಯೇ ಬಂಗೂರನಗರಕ್ಕೆ ಬಂದು ತನ್ನ ಮೇಜು ಒಯ್ದ. ತಲೆ ಎತ್ತದೆ ಹಿರಿಯಕ್ಕನ ಪಾಟ್ಲಿ ಬಿಡಿಸಿ ಕೊಟ್ಟು ಹೋದ. ಹುಬ್ಬಳ್ಳಿಯ ಸಾಹುಕಾರರು ಮಾತ್ರ ಮತ್ತೆಂದೂ ನಮ್ಮ ಕಡೆ ಬರಲಿಲ್ಲ.

ಕಾಕಾ ಆಡಿದಂತೆ ನಡೆದುಕೊಂಡರು. ಎಷ್ಟೋ ಜನ ಬಂದು ಕಾಡಿದರು, ಕೊಡಲಿಲ್ಲ. ಅವರ ಹೆಂಡತಿ ಒಮ್ಮೆ ನನ್ನೆದುರು ಕಣ್ಣೀರು ತೆಗೆದಿದ್ದರು. "ಬಾಯಿ ಮುಚ್ಚಿದ್ರೂ ಸುಖ ಇಲ್ಲ, ತಗದ್ರೂ ಸುಖ ಇಲ್ಲ. ಬ್ಯಾರೆಯವರಿಗೆ ವ್ಯಾಪಾರ ಹೆಂಗ ಒಗ್ಗತೈತೋ ನಮಗಂತೂ ಒಗ್ಗಲಿಲ್ಲ ತಂಗಿ." ಚೌಕಟ್ಟಿನ ಕೆಲಸದಲ್ಲಿ ಕಾಕಾನಿಗಿದ್ದ ಪ್ರೀತಿ ಮಂಚ, ಬಾಗಿಲುಗಳಲ್ಲಿ ಇರಲಿಲ್ಲ. ಅದು ಎಲ್ಲರಿಗೂ ಕಾಣುತ್ತಿತ್ತು...

ಮರುವರ್ಷ ನಾಗರ ಪಂಚಮಿಯ ಹೊತ್ತಿಗೆ ಅವರು ಹಿರಿಯಕ್ಕನ ಮನೆಗೆ ನಾಲ್ಕು ಚೌಕಟ್ಟು ಹೊತ್ತು ತಂದರು. ಒಣಗಿದ ಸಾಗವಾನಿ, ಬೆರಳು ತಾಗಿಸಿದರೆ ತಮಟೆಯಂತೆ ನುಡಿಯುವ ರೇಷ್ಮೆ. ಅವಳು ಗಾಬರಿಯಾದಳು. "ಆಣಿ ಮಾಡೀರೆಲ್ಲ ಅಣ್ಣಾ!"

"ಮಾರೂದಿಲ್ಲ ಅಂದೇನಿ, ಮಾಡೂದಿಲ್ಲ ಅಂದಿಲ್ಲ. ತವರಮನಿಯವರ ಕೊಟ್ಟಾರ ಅಂತ ಇಟಗೋ," ಎಂದರು ಕಾಕಾ. ಅವಳು ಅವತ್ತು ಅತ್ತಳು. ಮಂಡಳ ಒಡೆದುಹೋದ ಮೇಲೂ ಅವುಗಳ ಮೇಲೆಯೇ ದುಡಿದು ತನ್ನ ಹೊಟ್ಟೆ ಹೊರೆದುಕೊಂಡಳು.

ಕೆಲವು ವರ್ಷಗಳಾದ ಮೇಲೆ ನಾವು ಧಾರವಾಡಕ್ಕೆ ಮರಳಿದೆವು. ಕಾಕಾ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಬಹಳ ತಡವಾಗಿ, ಹಿರಿಯಕ್ಕನ ಬಾಯಿಂದ. ವಿಭೂತಿ ಹಚ್ಚಿ ಅವರ ದೇಹವನ್ನು ಕೂರಿಸಿದ್ದ ವಿಮಾನಕ್ಕೆ ಹೆಗಲು ಕೊಟ್ಟವರಲ್ಲಿ ಹಳಿಯಾಳದ ಆ ವ್ಯಾಪಾರಿಯೂ ಇದ್ದನಂತೆ. ಸುದ್ದಿ ತಿಳಿದು ತಾನಾಗಿಯೇ ಬಂದಿದ್ದ, ಸ್ಮಶಾನದ ತನಕ ಹೆಗಲು ಬದಲಿಸಲಿಲ್ಲವಂತೆ. ಯಾಕೆ ಬಂದಿ ಎಂದು ಯಾರೂ ಕೇಳಲಿಲ್ಲ. ಅವನೂ ಹೇಳಲಿಲ್ಲ.

ಈಗ ಹಿರಿಯಕ್ಕನೂ ಇಲ್ಲ. ಹೋದ ವರ್ಷ ಒಂದು ಮದುವೆಗೆಂದು ದಾಂಡೇಲಿಗೆ ಹೋದಾಗ ಬಸ್ ನಿಲ್ದಾಣದ ಹಿಂದೆ ಹೋಗಿ ನೋಡಿದೆ. ಶೆಡ್ಡು ಇದ್ದಲ್ಲಿ ಗಾಜಿನ ಬಾಗಿಲ ಅಂಗಡಿಗಳ ಸಾಲು. ಒಬ್ಬ ತರುಣ ಒಳಗಿನಿಂದಲೇ ಕರೆದ, "ಬರ್ರಿ ಅಜ್ಜಿ, ಏನ್ ಬೇಕ್ರಿ? ಎಲ್ಲಾ ಮಾಲು ಚಲೋ ಐತಿ." ಏನೂ ಬೇಡಪ್ಪ ಎಂದೆ. ಚಲೋ ಐತೇನು ಎಂದು ನಾನು ಕೇಳಬಹುದಾಗಿದ್ದ, ಕೇಳಿ ನಂಬಬಹುದಾಗಿದ್ದ ಒಬ್ಬ ಮನುಷ್ಯ ಆ ಊರಲ್ಲಿದ್ದರು. ಸ್ವಲ್ಪ ಹೊತ್ತು ಅಲ್ಲಿಯೇ ನಿಂತಿದ್ದು ಬಸ್ಸಿಗೆ ನಡೆದೆ.